ಅಡ್ಡಹೆಸರು ಕಡ್ಡಾಯ

ಒಂದು ಪದದಿಂದ ಶುರು ಮಾಡೋಣ: ಅಡ್ಡಹೆಸರು. ಮಂಡ್ಯ, ಹಾಸನದ ಕಡೆಯವರಿಗೆ ಈ ಪದ ಹೇಳಿದರೆ ಅವರು ನಿಕ್‌ನೇಮ್ ಅಂತ ತಿಳಿಯುತ್ತಾರೆ. ಗುಂಡ, ಕುಳ್ಳ, ಪುಟ್ಟಿ ಇತ್ಯಾದಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಅದೇ ಪದಕ್ಕೆ ಸರ್‌ನೇಮ್ ಅಂತ ಅರ್ಥ. ನಮ್ಮ ಕಡೆಯ ಹುಡುಗನೊಬ್ಬ ಆಫೀಸಿಗೆ ಹೊಸದಾಗಿ ಸೇರಿದಾಗ ಪಕ್ಕದವನಿಗೆ "ನಿಮ್ಮ ಅಡ್ಡಹೆಸರು ಏನ್ರಿ?" ಅಂತ ಕೇಳಿದ. ಮಂಡ್ಯದ ಆ ಮನುಷ್ಯ ಕೆಂಪಗಾಗಿ "ಅದೆಲ್ಲಾ ಇಲ್ಲಿ ಹೇಳೋಕಾಗಲ್ಲ ಗುರೂ" ಅಂದ. ಒಂದೇ ಭಾಷೆ, ಒಂದೇ ರಾಜ್ಯ, ಆದರೂ ಹೆಸರಿನ ಭಾಗಗಳಿಗೆ ಇರುವ ಹೆಸರೇ ಬೇರೆ. ಹಿಂಗಿರುವಾಗ ಜಗತ್ತಿನ ಎಲ್ಲರ ಹೆಸರನ್ನೂ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಡಬ್ಬಿಯೊಳಗೆ ತುಂಬ್ತೀವಿ ಅಂತ ಹೊರಟವರು ನಾವು, ಅಂದರೆ ಸಾಫ್ಟ್‌ವೇರ್ ಮಂದಿ.

ಸಾಹಿತ್ಯ ಕೃತಿಗಳ ವಿಮರ್ಶೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಇಲ್ಲಿ ವಿಮರ್ಶೆ ಮಾಡಹೊರಟಿರೋದು ಅರ್ಜಿ ಫಾರ್ಮನ್ನು. ಅದೂ ಒಂದು ಬರಹವೇ. ಬಹುಶಃ ನಮ್ಮ ಕಾಲದಲ್ಲಿ ಅತಿ ಹೆಚ್ಚು ಜನ ಓದಿದ, ಯಾರೂ ಪ್ರಶ್ನೆ ಮಾಡದ ಬರಹ.

ಮೊದಲು ನಮ್ಮೂರಿನ ಒಂದು ಉದಾಹರಣೆ. ಕುಲಗೋಡ ಅಂದಕೂಡಲೇ ಬಯಲಾಟ, ಸಣ್ಣಾಟ ಬಲ್ಲವರಿಗೆ ನೆನಪಾಗೋದು ಶ್ರೀಕೃಷ್ಣ ಪಾರಿಜಾತ. ಅದನ್ನು ಆಟವಾಗಿ ರೂಪಿಸಿ ಕುಣಿಸಿದವನು ಕುಲಗೋಡ ತಮ್ಮಣ್ಣ. ಆದರೆ ಪಾರಿಜಾತದ ಚರಿತ್ರೆಯಲ್ಲಿ ಇನ್ನೊಬ್ಬ ತಮ್ಮಣ್ಣನೂ ಇದ್ದಾನೆ. ಕುಲಗೋಡದವನಿಗಿಂತ ಮೊದಲೇ ಆ ಕೃತಿ ಬರೆದ ಅಪರಾಳ ತಮ್ಮಣ್ಣ. ಒಂದೇ ಕೃತಿಗೆ ಇಬ್ಬರು ತಮ್ಮಣ್ಣರು! ಆದರೆ ಓದುಗರಿಗಾಗಲಿ, ಆಟದವರಿಗಾಗಲಿ ಗೊಂದಲವೇ ಇಲ್ಲ. ಹೆಸರಿನ ಮುಂದೆ ಊರು ಇಟ್ಟರು, ಮುಗೀತು. (ತಮ್ಮ, ಅಣ್ಣ ಎರಡೂ ಒಬ್ಬನೇ ಆಗೋದು ಹೆಂಗೆ ಅಂತ ಕೇಳಬೇಡಿ. ಆ ಹೆಸರು ಹಂಗೇ ಇದೆ.) ಪಾರಿಜಾತದಲ್ಲಿ ದೊಡ್ಡ ಹೆಸರು ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮ, ಕೌಜಲಗಿ ನಮ್ಮ ಪಕ್ಕದ ಊರು. ಆನಂದಕಂದರು ಬೆಟಗೇರಿ ಕೃಷ್ಣಶರ್ಮ. ರಂಗಭೂಮಿಯ ಇನ್ನೊಬ್ಬ ದೊಡ್ಡವರು ಏಣಗಿ ಬಾಳಪ್ಪ. ಎಲ್ಲರದೂ ಊರು ಮುಂದೆ, ಆಮೇಲೆ ಮನುಷ್ಯ.

ಇದು ಕಲಾವಿದರ ಶೋಕಿ ಅಲ್ಲ. ಇದು ಕನ್ನಡದ ವ್ಯಾಕರಣ. ಕನ್ನಡದಲ್ಲಿ ವಿಶೇಷಣ ಯಾವಾಗಲೂ ನಾಮಪದದ ಮುಂದೆ ಬರುತ್ತದೆ. ಕೆಂಪು ಅಂಗಿ, ಹಳೇ ಮನೆ, ಕುಲಗೋಡ ತಮ್ಮಣ್ಣ. ಹನ್ನೆರಡನೇ ಶತಮಾನದ ಶರಣರ ಪಟ್ಟಿ ತೆಗೆದು ನೋಡಿ: ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಮಡಿವಾಳ ಮಾಚಿದೇವ. ಹಡಪ ಅಂದರೆ ಎಲೆಯಡಿಕೆ ಚೀಲ. ಅದನ್ನು ನೋಡಿಕೊಳ್ಳುವ ಕೆಲಸದವನು ಅಪ್ಪಣ್ಣ. ಲಕ್ಕಮ್ಮನ ಹೆಸರಿನಲ್ಲಂತೂ ಆಯ್ದ ಅಕ್ಕಿಯೇ ಕೂತಿದೆ. ಕೆಲಸ ಮುಂದೆ, ಹೆಸರು ಹಿಂದೆ.

ಹಂಗೇರಿಯವರೂ ಹೀಗೇ. ಅಲ್ಲಿ ಕೊವಾಚ್ ಅಂದರೆ ಕಮ್ಮಾರ, ಯಾನೋಷ್ ಅಂದರೆ ಇಂಗ್ಲಿಷಿನ ಜಾನ್. ಅವರು ಬರೆಯೋದು ಕೊವಾಚ್ ಯಾನೋಷ್ ಅಂತ, ಯಾನೋಷ್ ಕೊವಾಚ್ ಅಂತ ಅಲ್ಲ. ಕಾರಣವೂ ನಮ್ಮದೇ, ಅವರ ಭಾಷೆಯಲ್ಲೂ ವಿಶೇಷಣ ಮೊದಲು. ಜಪಾನಿನವರು ನೂರಾರು ವರ್ಷ ಮನೆತನದ ಹೆಸರು ಮೊದಲು ಬರೆದು, ಇಂಗ್ಲಿಷಿನಲ್ಲಿ ಮಾತ್ರ ತಿರುಗಾಮುರುಗಾ ಮಾಡ್ತಿದ್ದರು. 2020ರ ಜನವರಿಯಿಂದ ಅಲ್ಲಿನ ಸರಕಾರ ತನ್ನ ಇಂಗ್ಲಿಷ್ ಕಾಗದಪತ್ರಗಳಲ್ಲೂ ನಮ್ಮ ಕ್ರಮದಲ್ಲೇ ಬರೀತೀವಿ ಅಂತ ನಿಲ್ಲಿಸಿಬಿಟ್ಟಿತು.

ಈಗ ನಮ್ಮ ಕಡೆಯ ದಾಖಲೆಗಳಿಗೆ ಬನ್ನಿ. ಬೆಳಗಾವಿ, ಧಾರವಾಡ, ವಿಜಯಪುರದ ಸೀಮೆ 1956ರ ತನಕ ಮುಂಬೈ ಕಡೆಗೆ ಇತ್ತು. ಅಲ್ಲಿ ಹೆಸರು ಬರೆಯುವ ಕ್ರಮ ಮರಾಠಿಯವರದು: ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಮನೆತನ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರು ಕಾಗದದ ಮೇಲೆ ಚಂದ್ರಶೇಖರ ಬಸವಣ್ಣೆಪ್ಪ ಕಂಬಾರ. ಮೈಸೂರು ಸೀಮೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ರಾಜಕುಮಾರ್ ಅವರ ಹುಟ್ಟು ಹೆಸರೂ ಅದೇ ದಾರಿ, ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಫೋಲ್ಡರ್ ಪಾತ್ ಓದಿದ ಹಾಗೆ, ಮೇಲಿನಿಂದ ಕೆಳಕ್ಕೆ ಇಳಿದು ಮನುಷ್ಯನ ಹತ್ತಿರ ನಿಲ್ಲುತ್ತದೆ. ಹಾಗಾಗಿ ಕನ್ನಡ ವಿಮರ್ಶಕರು ಒಬ್ಬರನ್ನು ಕಂಬಾರ ಅನ್ನುತ್ತಾರೆ (ಮನೆತನ), ಇನ್ನೊಬ್ಬರನ್ನು ಮಾಸ್ತಿ (ಊರು), ಮತ್ತೊಬ್ಬರನ್ನು ಕುವೆಂಪು (ಮೂರರ ಮೊದಲಕ್ಷರ), ಮಗದೊಬ್ಬರನ್ನು ಡಿವಿಜಿ (ಬರೀ ಇನಿಶಿಯಲ್). ಒಂದೇ ವಾಕ್ಯದಲ್ಲಿ ನಾಲ್ವರನ್ನೂ ತರುತ್ತಾರೆ, ಓದುಗರು ಎಡವುವುದೇ ಇಲ್ಲ. ಬೆಂಗಳೂರಿನ ಎಷ್ಟೋ ಗೆಳೆಯರಿಗೆ ಗೋಕಾಕ ಗೊತ್ತಿರೋದು ಗೋಕಾಕ್ ಚಳವಳಿಯಿಂದ. ಅದು ನಮ್ಮ ತಾಲೂಕಿನಲ್ಲಿ ನಡೆದದ್ದು ಅಂತ ತಿಳಿದವರೂ ಇದ್ದಾರೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಊರಿನ ಹೆಸರು ಅಡ್ಡಹೆಸರಾಗಿ, ಅಡ್ಡಹೆಸರು ಸಮಿತಿಯ ಹೆಸರಾಗಿ, ಸಮಿತಿ ಚಳವಳಿಯಾಯಿತು. ಊರು ಎಲ್ಲೋ ಹಿಂದೆ ಉಳೀತು.

ನನಗೆ ಮಜಾ ಅನ್ನಿಸೋದು, ಸ್ವಲ್ಪ ಸಂಕಟವೂ ಆಗೋದು, ನಮ್ಮ ಕಡೆಯ ಅಡ್ಡಹೆಸರುಗಳ ಬಾಲ ನೋಡಿದಾಗ. ಬೆಲ್ಲದ, ತುಪ್ಪದ, ಜೋಳದ, ಹಡಪದ, ಗೌಡರ, ಕುರುಬರ. ಇವೆಲ್ಲಾ ಷಷ್ಠಿ ವಿಭಕ್ತಿ. ಬೆಲ್ಲದ ಏನು? ಗೌಡರ ಯಾರು? ಇವು ಅರ್ಧ ಮಾತುಗಳು, ಮುಂದೆ ಒಂದು ನಾಮಪದ ಬೇಕು ಅಂತ ಕೈ ಚಾಚಿ ನಿಂತ ಪದಗಳು. ಊರಲ್ಲಿ ಆ ಪದ ಸಿಗುತ್ತದೆ, ಬೆಲ್ಲದ ಬಸಪ್ಪ, ಗೌಡರ ಶಂಕ್ರಪ್ಪ. ಫಾರ್ಮಿನಲ್ಲಿ ಬಸಪ್ಪ ಮಲ್ಲಪ್ಪ ಬೆಲ್ಲದ ಅಂತ ಬರೆದಾಗ ಆ ಷಷ್ಠಿ ವಿಭಕ್ತಿ ಗಾಳಿಯಲ್ಲಿ ನೇತಾಡುತ್ತದೆ. ಇಂಗ್ಲಿಷಿನಲ್ಲಿ "ಆಫ್" ಅಂತ ಬರೆದು ಫುಲ್‌ಸ್ಟಾಪ್ ಇಟ್ಟ ಹಾಗೆ. ಕೇಳಿ ಕೇಳಿ ನಮಗೆ ರೂಢಿಯಾಗಿದೆ ಅಷ್ಟೇ. ಕಟ್ಟೀಮನಿ, ಅಂಗಡಿ, ಹಿರೇಮಠ ಥರದವು ಪರವಾಗಿಲ್ಲ, ವಿಳಾಸದ ಹಾಗೆ ಸ್ವತಂತ್ರವಾಗಿ ನಿಲ್ಲುತ್ತವೆ.

ಆ ಮುಂದಿನ ಪದ ಊರಲ್ಲಿ ಯಾಕೆ ಕಳೆದುಹೋಗಲ್ಲ ಅಂದರೆ, ಅಲ್ಲಿ ಹೆಸರು ಒಂದು ಉತ್ತರ. "ಯಾರ ಪೈಕಿ?" ಅನ್ನೋ ಪ್ರಶ್ನೆಗೆ ಉತ್ತರ. ಕೇಳಿದವರು ಯಾರು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಓಣಿಯ ಮುದುಕಿ ಕೇಳಿದರೆ "ಮಲ್ಲಪ್ಪನ ಬಸ್ಯಾ". ಊರಿನ ಇನ್ನೊಂದು ತುದಿಯಲ್ಲಿ "ಬೆಲ್ಲದ ಬಸಪ್ಪ". ಗೋಕಾಕ ಸಂತೆಯಲ್ಲಿ "ಕುಲಗೋಡ ಬಸಪ್ಪ". ಹೆಣ್ಣು ಕೊಟ್ಟ ಊರಿಗೆ ಹೋದರೆ "ನೀಲವ್ವನ ಗಂಡ". ಮನುಷ್ಯ ಒಬ್ಬನೇ, ಎಲ್ಲಿಂದ ನೋಡುತ್ತೀರಿ ಅನ್ನೋದರ ಮೇಲೆ ಪಾತ್ ಬೇರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ರಿಲೇಟಿವ್ ಪಾತ್. ಫಾರ್ಮು ಮಾಡಿದ್ದೇನಂದರೆ, ಅದರಲ್ಲಿ ಒಂದನ್ನು ಹಿಡಿದು, ಹಿಂದಕ್ಕೆ ತಳ್ಳಿ, ಇನ್ನು ಮುಂದೆ ಸಾಯೋತನಕ ಇದೇ ನಿನ್ನ ವಿಳಾಸ ಅಂತ ಮೊಳೆ ಹೊಡೆದದ್ದು. ಮೈಸೂರು ಕಡೆಯ ಪಹಣಿಯಲ್ಲಿ "ರಾಮಯ್ಯ ಬಿನ್ ಸಿದ್ದಯ್ಯ" ಅಂತ ಇರುತ್ತಲ್ಲ, ಆ ಬಿನ್ ಅರಬ್ಬಿಯದು. ಕನಿಷ್ಠ ಅದು ಸಂಬಂಧ ಏನು ಅಂತ ಬಾಯಿಬಿಟ್ಟು ಹೇಳುತ್ತದೆ. ನಮ್ಮ ಕಡೆಯ ದಾಖಲೆಗಳಲ್ಲಿ "ಉರ್ಫ" ಅನ್ನೋ ಪದ ಇದೆ, ಬಸಪ್ಪ ಉರ್ಫ ಬಸವರಾಜ. ನಾನು ಕಂಡ ಅತ್ಯಂತ ಒಳ್ಳೆ ಡೇಟಾಬೇಸ್ ಡಿಸೈನ್ ಅದು.

ಫಾರ್ಮುಗಳ ಒಳಜಗಳ ಇನ್ನೂ ಚಂದ. ಒಂದೇ ಹೆಸರಿನ ಮನುಷ್ಯ ಪ್ಯಾನ್ ಅರ್ಜಿ ತುಂಬಿದರೆ ಆ ಹೆಸರು ಲಾಸ್ಟ್ ನೇಮ್ ಕಾಲಮ್ಮಿಗೆ ಹೋಗಬೇಕು, ಯಾಕಂದರೆ ಅದು ಕಡ್ಡಾಯ. ಅದೇ ಮನುಷ್ಯನ ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಗಿವನ್ ನೇಮ್‌ನಲ್ಲಿ ಕೂತು ಸರ್‌ನೇಮ್ ಖಾಲಿ ಬೀಳುತ್ತದೆ. ಅವನು ಅಮೆರಿಕದ ವೀಸಾ ತಗೊಂಡರೆ ಗಿವನ್ ನೇಮ್ ಜಾಗದಲ್ಲಿ "ಎಫ್ಎನ್‌ಯು" ಅಂತ ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅಪ್ಪ ಅಮ್ಮ ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ ಹೇಳಿ, ಊರಿಗೆಲ್ಲಾ ಗುಗ್ಗರಿ ಹಂಚಿ ಇಟ್ಟ ಹೆಸರು! 2022ರ ನವೆಂಬರಿನಲ್ಲಿ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತೆ ಅಂತ ಸಡಿಲ ಮಾಡಿತು.

ಪ್ಯಾನ್ ನಂಬರಿನ ಐದನೇ ಅಕ್ಷರ ನಿಮ್ಮ ಸರ್‌ನೇಮಿನ ಮೊದಲ ಅಕ್ಷರ, ಗೊತ್ತಾ? ಈಗಲೇ ಫೋನ್ ತೆಗೆದು ನೋಡಿ. ಆ ಅರ್ಜಿಯಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಜಾಗಕ್ಕೆ ಬರೀ ಇನಿಶಿಯಲ್ ಹಾಕುವಂತಿಲ್ಲ. ಹೀಗಾಗಿ ಮೈಸೂರು ಕಡೆಯ ರಮೇಶ್ ಕೆ. ಅನ್ನುವವರು ಇನಿಶಿಯಲ್ ಬಿಡಿಸಿ ಬರೆದಾಗ ಅವರಪ್ಪ ಕೆಂಪಯ್ಯ ರಾತ್ರೋರಾತ್ರಿ ವಂಶದ ಮೂಲಪುರುಷ ಆಗಿಬಿಡುತ್ತಾರೆ. ಇದಕ್ಕೆ ಹೋಲಿಸಿದರೆ ಆಧಾರ್ ಎಷ್ಟೋ ವಾಸಿ. ಅದಕ್ಕೆ ಬೇರೆ ನೂರು ತಕರಾರು ಇರಬಹುದು, ಆದರೆ ಹೆಸರಿಗೆ ಒಂದೇ ಡಬ್ಬಿ. ಪೂರ್ತಿ ಹೆಸರು ಬರಿ, ಹೋಗು.

ನಗೋ ವಿಷಯ ಅಂತ ಬಿಡಬಹುದು, ಬಿಲ್ಲು ಯಾರಿಗೆ ಬರುತ್ತೆ ಅಂತ ನೋಡೋತನಕ. ನನ್ನ ಪರಿಚಯದ ಹುಡುಗನೊಬ್ಬನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಪೂರ್ತಿ ಮೂರು ಹೆಸರು, ಡಿಗ್ರಿಯಲ್ಲಿ ಅಡ್ಡಹೆಸರು ಮುಂದೆ ಬಂದು ಉಳಿದವು ಇನಿಶಿಯಲ್, ಪ್ಯಾನಿನಲ್ಲಿ ಅಪ್ಪನ ಹೆಸರು ಮಾಯ. ಆಫರ್ ಲೆಟರ್ ಬಂದ ಮೇಲೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡುವವರು ಇವು ಮೂರು ಬೇರೆ ಬೇರೆ ಮಂದಿ ಅಂತ ಕೂತರು. ಅಫಿಡವಿಟ್ ಮಾಡಿಸೋಕೆ ಊರಿಗೆ ಹೋಗಿ ಬಂದು, ಜಾಯಿನಿಂಗ್ ಮೂರು ವಾರ ಮುಂದಕ್ಕೆ ಹೋಯ್ತು. ಬೆಂಗಳೂರಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಎಲ್ಲಾ ಕಡೆ ಒಂದೇ ಸ್ಪೆಲ್ಲಿಂಗ್ ಇರುವವರಿಗೆ ಈ ತಾಪತ್ರಯ ಇಲ್ಲ.

ಪ್ರೋಗ್ರಾಮರ್‌ಗಳಿಗೆ ಇದೆಲ್ಲಾ ಗೊತ್ತಿಲ್ಲ ಅಂತಲ್ಲ. 2010ರಲ್ಲಿ ಪ್ಯಾಟ್ರಿಕ್ ಮೆಕೆಂಜಿ ಅನ್ನುವವರು ಹೆಸರುಗಳ ಬಗ್ಗೆ ಪ್ರೋಗ್ರಾಮರ್‌ಗಳು ನಂಬಿಕೊಂಡಿರುವ 40 ಸುಳ್ಳುಗಳ ಪಟ್ಟಿ ಬರೆದರು. ನಮ್ಮ ವೃತ್ತಿಯಲ್ಲಿ ಅದು ಕ್ಲಾಸಿಕ್. ಎಲ್ಲರಿಗೂ ಒಂದೇ ಹೆಸರು ಇರುತ್ತೆ ಅನ್ನೋದು ಸುಳ್ಳು, ಹೆಸರು ಬದಲಾಗಲ್ಲ ಅನ್ನೋದು ಸುಳ್ಳು, ಹಿಂಗೆ ಹೋಗಿ ಕೊನೆಗೆ ಜನರಿಗೆ ಹೆಸರು ಇರುತ್ತೆ ಅನ್ನೋದೂ ಸುಳ್ಳು ಅಂತ ಮುಗಿಯುತ್ತದೆ. ಓದೋಕೆ ಖುಷಿ. ಟೀಮಿಗೆ ಹೊಸಬರು ಬಂದಾಗ ಲಿಂಕ್ ಕಳಿಸೋಕೂ ಒಳ್ಳೇದು. ಆದರೆ ನನಗೆ ಅದರ ಮೇಲೆ ಒಂದು ತಕರಾರಿದೆ. ಆ ಪಟ್ಟಿಯಲ್ಲಿ ಹೆಸರು ಅನ್ನೋದು ಬರೀ ಎಡ್ಜ್ ಕೇಸ್‌ಗಳ ಮೂಟೆ. ನೀವು ತಪ್ಪು, ನೀವು ತಪ್ಪು, ನೀವು ತಪ್ಪು ಅಂತ ನಲವತ್ತು ಸಲ ಹೇಳುತ್ತದೆ. ಹೆಸರು ಯಾವ ಕೆಲಸ ಮಾಡುತ್ತೆ ಅಂತ ಒಂದು ಸಲವೂ ಹೇಳಲ್ಲ. ಓದಿದವರು "ಅಯ್ಯೋ ಜಗತ್ತು ವಿಚಿತ್ರ" ಅಂತ ತಲೆ ಅಲ್ಲಾಡಿಸಿ, ಮತ್ತೆ ಎರಡು ಡಬ್ಬಿ ಹಾಕುತ್ತಾರೆ. ವೆಬ್ ಮಾನಕಗಳನ್ನು ಮಾಡುವ ಡಬ್ಲ್ಯೂತ್ರೀಸಿ ಸಂಸ್ಥೆಯ ಸಲಹೆ ಇದಕ್ಕಿಂತ ಕೆಲಸಕ್ಕೆ ಬರುತ್ತದೆ: ನಿಮಗೆ ನಿಜವಾಗಲೂ ಎರಡು ಭಾಗ ಬೇಕಾ ಅಂತ ಮೊದಲು ಯೋಚಿಸಿ, ಇಲ್ಲಾಂದರೆ ಪೂರ್ತಿ ಹೆಸರಿಗೆ ಒಂದು ಡಬ್ಬಿ, ನಿಮ್ಮನ್ನು ಏನಂತ ಕರೀಬೇಕು ಅನ್ನೋದಕ್ಕೆ ಇನ್ನೊಂದು. ಹಂಗಾದರೆ ಸಾರ್ಟ್ ಹೆಂಗೆ ಮಾಡೋದು ಅಂತ ಪ್ರತೀ ಮೀಟಿಂಗಿನಲ್ಲೂ ಒಬ್ಬರು ಕೇಳೇ ಕೇಳುತ್ತಾರೆ. ಐಸ್‌ಲ್ಯಾಂಡಿನವರು ಇಡೀ ದೇಶದ ಟೆಲಿಫೋನ್ ಡೈರೆಕ್ಟರಿಯನ್ನೇ ಮೊದಲ ಹೆಸರಿನ ಮೇಲೆ ಜೋಡಿಸಿದ್ದರು. ಅಲ್ಲಿ ಕೊನೆಯ ಹೆಸರು ಅಂದರೆ ಅಪ್ಪನದೋ ಅಮ್ಮನದೋ ಹೆಸರಿಗೆ ಮಗ, ಮಗಳು ಅಂತ ಸೇರಿಸಿದ್ದು, ಅಷ್ಟೇ. ದೇಶ ನಡೀತಾನೇ ಇದೆ.

ಇಲ್ಲಿಗೆ ನಿಲ್ಲಿಸಿದರೆ ಇದು "ನಮ್ಮೂರೇ ಚಂದ, ಫಾರ್ಮೇ ಕೆಟ್ಟದ್ದು" ಅನ್ನೋ ಕಥೆ ಆಗಿಬಿಡುತ್ತದೆ. ಹಂಗಿಲ್ಲ. "ಯಾರ ಪೈಕಿ?" ಅನ್ನೋದು ಮುಗ್ಧ ಪ್ರಶ್ನೆ ಅಲ್ಲ. ಕಟ್ಟೆಯ ಮೇಲೆ ಕೂತವರು ಅದನ್ನು ಕೇಳೋದು ಯಾರ ಮಗ ಅಂತ ತಿಳಿಯೋಕೆ ಮಾತ್ರ ಅಲ್ಲ, ನೀರು ಕೊಡಬೇಕಾ, ಎಲ್ಲಿ ಕೂರಿಸಬೇಕು ಅಂತ ತಿಳಿಯೋಕೂ ಹೌದು. ನಗರದಲ್ಲಿ ಅದೇ ಪ್ರಶ್ನೆ ಪ್ಯಾಂಟು ಹಾಕಿಕೊಂಡು "ಪೂರ್ತಿ ಹೆಸರು ಏನು?" ಅಂತ ಬರುತ್ತದೆ. ಬಾಡಿಗೆ ಮನೆ ಹುಡುಕುವಾಗ ನೀವೂ ಕೇಳಿಸಿಕೊಂಡಿರಬಹುದು.

ನಮ್ಮ ಜಿಲ್ಲೆಯ ಶಾಲೆಗಳ ಹಾಜರಿ ಪುಸ್ತಕ ನೋಡಿದವರಿಗೆ ಗೊತ್ತು, ಅಡ್ಡಹೆಸರಿನ ಜಾಗದಲ್ಲಿ "ಮಾದರ" ಅಂತ ಇರುತ್ತದೆ, "ಹರಿಜನ" ಅಂತ ಇರುತ್ತದೆ. ಎರಡನೆಯದನ್ನು ಸ್ವಲ್ಪ ಯೋಚಿಸಿ. ಗಾಂಧೀಜಿ ಆ ಪದವನ್ನು ಚಾಲ್ತಿಗೆ ತಂದದ್ದು 1930ರ ದಶಕದಲ್ಲಿ. ಆ ಹೆಸರಿನ ಅವರ ಪತ್ರಿಕೆ ಶುರುವಾದದ್ದು 1933ರಲ್ಲಿ. ಅಂದಮೇಲೆ ಅದು ಯಾವ ಮನೆಯ ತಲೆತಲಾಂತರದ ಹೆಸರೂ ಆಗಿರೋಕೆ ಸಾಧ್ಯವಿಲ್ಲ. ತಮ್ಮನ್ನು ತಾವು ಕರೆದುಕೊಂಡ ಹೆಸರೂ ಅಲ್ಲ. ಅದು ಕಾಗದದಲ್ಲಿ ಹುಟ್ಟಿದ್ದು. ಮಗನನ್ನು ಶಾಲೆಗೆ ಹಚ್ಚಲು ಬಂದ ಅಪ್ಪ ತನ್ನ ಹೆಸರು ಹೇಳಿದ, ಮಗನ ಹೆಸರು ಹೇಳಿದ. ಮೂರನೇ ಕಾಲಂ ಖಾಲಿ ಉಳೀತು, ಖಾಲಿ ಬಿಡುವ ಹಾಗಿಲ್ಲ, ಬರೆಯುವವರು ಜಾತಿ ತುಂಬಿದರು. ನನಗೆ ಇದನ್ನು ಬೇರೆ ಥರ ಓದೋಕೆ ಬರಲ್ಲ. ಪ್ರೋಗ್ರಾಮರ್ ಭಾಷೆಯಲ್ಲಿ ಹೇಳಿದರೆ, ನಾಟ್ ನಲ್ ಅಂತ ಇಟ್ಟ ಫೀಲ್ಡಿಗೆ ಜಾತಿಯೇ ಡಿಫಾಲ್ಟ್ ವ್ಯಾಲ್ಯೂ.

ಹಡಪದ ಅಪ್ಪಣ್ಣನನ್ನು ಮತ್ತೆ ನೆನೆಸಿಕೊಳ್ಳಿ. ಆ ಕಾಲದ ಶರಣರು ಕೆಲಸದ ಹೆಸರನ್ನು ತಾವೇ ಮುಂದೆ ಇಟ್ಟುಕೊಂಡರು. ಅದರಲ್ಲಿ ಒಂದು ಸೆಡ್ಡು ಇತ್ತು. ಅದೇ ಪದ ಇವತ್ತು ಹೆಸರಿನ ಹಿಂದೆ ಬಂದು ಕೂತಾಗ ಜಾತಿ ಪ್ರಮಾಣಪತ್ರದ ಕೆಲಸ ಮಾಡುತ್ತದೆ. ಹಾಗಾಗಿ ನನ್ನ ವಯಸ್ಸಿನ ಎಷ್ಟೋ ಜನ ಅಡ್ಡಹೆಸರು ಕಿತ್ತು ಹಾಕಿ ಅಪ್ಪನ ಹೆಸರಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ಬೇರು ಕಳಕೊಂಡರು ಅಂತ ಅವರ ಮೇಲೆ ಲೇಖನ ಬರೆಯುವವರ ಅಡ್ಡಹೆಸರು ಏನಿದೆ ಅಂತ ನಾನು ಮೊದಲು ನೋಡುತ್ತೇನೆ. ಪಾಟೀಲ, ದೇಸಾಯಿ, ಕುಲಕರ್ಣಿ ಅಂತ ಇಟ್ಟುಕೊಂಡು ಪರಂಪರೆ ಉಳಿಸೋದು ಸುಲಭ.

ಹೆಣ್ಣುಮಕ್ಕಳ ವಿಷಯಕ್ಕೆ ಫಾರ್ಮೂ ಊರೂ ಇಬ್ಬರೂ ಪಾಸ್ ಆಗಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮದುವೆ ಸೀಮಂತದಲ್ಲಿ ಕಾಡಿಸಿದಾಗ ಒಡಪು ಕಟ್ಟಿ, ಪ್ರಾಸದ ತುದಿಯಲ್ಲಿ ಹೆಸರು ಜಾರಿಸಿಬಿಡುತ್ತಾರೆ. ಮಗುವಿಗೆ ಮಾವನ ಹೆಸರಿಟ್ಟರೆ ಸೊಸೆ ಅದನ್ನೂ ಕರೆಯುವಂತಿಲ್ಲ. ಹಂಗಾಗಿ ಮನೆ ಮನೆಯಲ್ಲೂ ಒಂದು ಅಪ್ಪಾಜಿ, ಒಂದು ತಮ್ಮಾ. ಒಡಪು ಎಷ್ಟೇ ಚಂದ ಇರಲಿ, ಗಂಡನಿಗೆ ಮಾತ್ರ ಒಡಪಿನ ಕಾಟ ಯಾಕೆ ಕಮ್ಮಿ ಅನ್ನೋದು ಕೇಳಬೇಕಾದ ಮಾತು. ಫಾರ್ಮಿಗೆ ಬಂದರೆ ಅಪ್ಪನ ಕಾಲಂ ಹೋಗಿ ಗಂಡನ ಕಾಲಂ ಬರುತ್ತದೆ, ಅವ್ವ ಎಲ್ಲೂ ಇಲ್ಲ. ಬೇಂದ್ರೆ ತಮ್ಮ ಕಾವ್ಯನಾಮದಲ್ಲಿ ಅವ್ವನನ್ನು ಮುಂದೆ ತಂದು ಅಂಬಿಕಾತನಯದತ್ತ ಆದರು. ಅದೇ ವ್ಯಾಕರಣ ನೋಡಿ, ಅಂಬಿಕೆಯ ಮಗ ದತ್ತ. ಪಕ್ಕದ ಮಹಾರಾಷ್ಟ್ರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಯಲ್ಲಿ ಮಗುವಿನ ಹೆಸರಿನ ಪಕ್ಕ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು ಅಂತ ಕಡ್ಡಾಯ ಮಾಡಿತು. ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂತ 2016ರ ಡಿಸೆಂಬರಿನಲ್ಲೇ ನಿಯಮ ಬಂತು. ಸವದತ್ತಿ ಎಲ್ಲಮ್ಮನ ಸೀಮೆಯಲ್ಲಿ, ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರಿನ ಕಾಲಂ ಅಂದರೆ ಏನಾಗಿತ್ತು ಅಂತ ತಿಳಿದವರಿಗೆ ಇದು ಸಣ್ಣ ತಿದ್ದುಪಡಿ ಅಲ್ಲ.

ಹಳೇ ಹೆಸರುಗಳ ಬಗ್ಗೆ ನನಗೆ ಮೋಹ ಇಲ್ಲ ಅಂತೇನೂ ಅಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಸಾವಿಗೆ ಆಸೆ ಹುಟ್ಟಬಾರದು ಅಂತ ತಿಪ್ಪೆಯ ಹೆಸರಿಟ್ಟು ತಿಪ್ಪಣ್ಣ, ಭಿಕ್ಷುಕನ ಹೆಸರಿಟ್ಟು ತಿರಕಪ್ಪ ಅಂತ ಕರೆದವರ ಸಂಕಟದ ಮುಂದೆ ಆ್ಯಪಿನಲ್ಲಿ ಹುಡುಕಿ ಇಟ್ಟ ಎರಡಕ್ಷರದ ಹೆಸರುಗಳು ಸಪ್ಪೆ ಅನ್ನಿಸುತ್ತವೆ. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಕ್ಕಳಿಗೆ ಫಕೀರಪ್ಪ, ಹುಸೇನಪ್ಪ ಅಂತ ಇಟ್ಟದ್ದು ಈಗಿನ ಕಾಲಕ್ಕೆ ನಂಬೋಕೇ ಕಷ್ಟ. ಆದರೆ ಸಾತಾರಾ ಜಿಲ್ಲೆಯಲ್ಲಿ "ಬೇಡವಾದವಳು" ಅನ್ನೋ ಅರ್ಥದ ನಕುಸಾ ಅಂತ ಹೆಸರಿಟ್ಟುಕೊಂಡು ಬೆಳೆದ 280ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಜಿಲ್ಲಾಡಳಿತ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು. ಅದೂ ಪರಂಪರೆಯ ಹೆಸರೇ.

ದಿನಪತ್ರಿಕೆಯ ಒಳಪುಟದಲ್ಲಿ ಹೆಸರು ಬದಲಾವಣೆಯ ಸಣ್ಣ ಜಾಹೀರಾತುಗಳು ಬರುತ್ತವಲ್ಲ, ನಾನು ಭಾನುವಾರ ಅವನ್ನು ಓದುತ್ತೇನೆ. ಹೆಚ್ಚಿನವು ಇನಿಶಿಯಲ್ ಬಿಡಿಸಿದವು, ಅಂದರೆ ಯಾವುದೋ ಫಾರ್ಮು ಒಪ್ಪಿಲ್ಲ. ಕೆಲವು ಮದುವೆ, ಕೆಲವು ಸಂಖ್ಯಾಶಾಸ್ತ್ರ, ಇಂಗ್ಲಿಷಿನಲ್ಲಿ ಒಂದು "ಎ" ಜಾಸ್ತಿ. ಆಗಾಗ ಒಂದೊಂದರಲ್ಲಿ ಮೊದಲೆರಡು ಹೆಸರು ಇದ್ದ ಹಾಗೇ ಇದ್ದು, ಮೂರನೆಯದು ಮಾತ್ರ ಹೋಗಿರುತ್ತದೆ. ಅಫಿಡವಿಟ್ ನಂಬರು, ನೋಟರಿಯ ಊರು, ತಾರೀಕು ಎಲ್ಲಾ ಇರುತ್ತದೆ. ಯಾಕೆ ತೆಗೆದರು ಅಂತ ಬರೆದಿರಲ್ಲ.